ಒಳಗಿನ ಹೊಲಿಗೆ

“ಏನ್ರಿ ಡಾಕ್ಟರ, ಇದಕ್ಕ ಹೊಲಿಗಿ ಅಂತಾರೇನು?”

ಗದಗದ ಮುಳಗುಂದ ನಾಕಾ ಹತ್ತಿರದ ಆ ಪುಟ್ಟ ಪ್ರಾಣಿ ಚಿಕಿತ್ಸಾಲಯದಲ್ಲಿ ಒಮ್ಮೆಲೇ ಸದ್ದಡಗಿತು. ಬೆಂಚಿನ ಕೆಳಗಿದ್ದ ನಾಯಿಯೂ ಬೊಗಳುವುದನ್ನು ಬಿಟ್ಟು ತಿರುಗಿ ನೋಡಿತು.

ಬಾಗಿಲಲ್ಲಿ ನಿಂತಿದ್ದಳು ರೋಜಾ. ಎದೆಗೆ ಅವಚಿಕೊಂಡ ಬುಟ್ಟಿಯಲ್ಲಿ ಅವಳ ಬಿಳಿ ಬೆಕ್ಕು ಸಕ್ರಿ. ಲಕ್ಷ್ಮೇಶ್ವರದಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದರಿಂದ ಮುಖವೆಲ್ಲ ಬೆವರು. ಕಣ್ಣುಗಳಲ್ಲಿ ಮಾತ್ರ ಬೆಂಕಿ.

ಡಾಕ್ಟರ್ ಫಕೀರೇಶ ಕೈಯಲ್ಲಿದ್ದ ಸಿರಿಂಜನ್ನು ಕೆಳಗಿಟ್ಟು ತಲೆ ಎತ್ತಿದ.

ಆಪರೇಷನ್ ದಿನ ರೋಜಾ ಅವನ ಮುಖ ನೋಡಿರಲಿಲ್ಲ. ಮಾಸ್ಕಿನ ಮೇಲಿನ ಎರಡು ಕಣ್ಣು ಮಾತ್ರ ನೋಡಿದ್ದಳು. ಆ ಕಣ್ಣುಗಳನ್ನೇ ನಂಬಿ ಸಕ್ರಿಯನ್ನು ಒಪ್ಪಿಸಿದ್ದಳು...

ಇವತ್ತು ಸಿಟ್ಟೂ ಆ ಕಣ್ಣುಗಳ ಮೇಲೇ!

“ಏನಾಗೈತ್ರಿ?” ಎಂದ ಅವನು, ತಣ್ಣಗೆ.

“ಏನಾಗೈತಿ ಅಂತ ನನ್ನ ಕೇಳ್ತೀರಿ? ಹೊಟ್ಟಿ ನೋಡ್ರಿ, ಹೊಲಿಗಿ ಸುತ್ತ ಹೆಂಗ ಬಾತೈತಿ! ಒಂದಕ್ಕೂ ಇನ್ನೊಂದಕ್ಕೂ ಇಷ್ಟಿಷ್ಟು ಸಂದು. ದಾರ ಎಳದು ಬಿಗಿ ಮಾಡೇ ಇಲ್ಲ. ನಾ ಜಂಪರ ಹೊಲಿಯಾಕಿರಿ. ಹಿಂಗ ಹೊಲದು ಕೊಟ್ರ ಗಿರಾಕಿ ಮಾರಿ ಮ್ಯಾಲ ಒಗದು ಹೊಕ್ಕಾರ!”

ಅಂತೂರ ಬೆಂತೂರದಿಂದ ಆಡು ಹಿಡಿದುಕೊಂಡು ಬಂದಿದ್ದ ಮರ್ದಾನಸಾಬ ಮೀಸೆಯಲ್ಲೇ ನಕ್ಕ. “ಹಂಗಾರ ನನ್ನ ಆಡಿಂದೂ ಒಂದಿಷ್ಟು ನೋಡ ತಂಗೀ. ಹೋದ ವರ್ಷ ಇವರ ಹೊಲದಾರ.”

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಫಕೀರೇಶ ನಗಲಿಲ್ಲ. ಸಕ್ರಿಯನ್ನು ಮೇಜಿನ ಮೇಲೆ ಮಲಗಿಸಿ, ಗಾಯದ ಸುತ್ತ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದ. ಜ್ವರ ನೋಡಿದ.

“ಜ್ವರ ಇಲ್ಲ, ಕೀವಿಲ್ಲ. ಬಾವು ಇಳೀತೈತಿ. ಕೊರಳಿಗೆ ಹಾಕಿದ್ದ ಲಾಳಿಕಿ ಎಲ್ಲಿ?”

ಬೆಕ್ಕು ಗಾಯ ನೆಕ್ಕದಂತೆ ಆಪರೇಷನ್ ದಿನ ಕೊರಳಿಗೆ ಹಾಕಿ ಕಳಿಸಿದ್ದ ಪ್ಲಾಸ್ಟಿಕ್ ಲಾಳಿಕೆ ಅದು.

“ಮನ್ಯಾಗ ಐತಿ. ಅದನ್ನ ಹಾಕ್ಕೊಂಡು ಉಣಾಕ ಬರವಲ್ದು ಅದಕ್ಕ.”

“ಹಾಕ್ರಿ. ತಗೀಬ್ಯಾಡ್ರಿ.”

ಹೇಳುತ್ತ ಹೇಳುತ್ತ ಅವನ ನೋಟ ಒಂದು ಕ್ಷಣ ಅವಳ ವೇಲಿನ ಮೇಲೆ ನಿಂತಿತು. ಅಲ್ಲಿ ಕಡುಗುಲಾಬಿ, ರಾಣಿ ಬಣ್ಣದ ದಾರದ ತುಣುಕೊಂದು ಅಂಟಿಕೊಂಡಿತ್ತು. ಏನೋ ಹೇಳಲು ಬಾಯಿ ತೆರೆದ. ಬೆಂಚಿನ ಮೇಲಿದ್ದವರನ್ನು ನೋಡಿದ. ಬಾಯಿ ಮುಚ್ಚಿಕೊಂಡು ಆಡಿನ ಕಡೆ ತಿರುಗಿದ.

‘ಇಷ್ಟೇನಾ? ನಾನೊಬ್ಬಳು ಇಲ್ಲಿ ನಿಂತಿರೋದು ಲೆಕ್ಕಕ್ಕೇ ಇಲ್ಲವಾ?’

ರೋಜಾ ಬುಟ್ಟಿ ಎತ್ತಿಕೊಂಡು ಧಡಧಡ ಹೊರಟುಬಂದಳು.

ಬಸ್ಸು ಸೊರಟೂರ ದಾಟುವ ಹೊತ್ತಿಗೆ ಮೊಬೈಲ್ ತೆಗೆದು ಆ ಚಿಕಿತ್ಸಾಲಯದ ಹೆಸರು ಹುಡುಕಿದಳು. ಐದರಲ್ಲಿ ಒಂದೇ ಸ್ಟಾರ್ ಒತ್ತಿದಳು. ಕೆಳಗೆ ಬರೆದಳು: “ಹೊಲಿಗೆ ಸಡಿಲ. ಡಾಕ್ಟರಿಗೆ ಮಾತಾಡಲು ಪುರುಸೊತ್ತಿಲ್ಲ.”

ಬರೆದ ಮೇಲೆ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ.

ಏಕೆಂದರೆ ಒಂದು ಮಾತನ್ನು ರೋಜಾ ಯಾರಿಗೂ ಹೇಳಿರಲಿಲ್ಲ.

ಅವಳ ಅಪ್ಪ ಲಕ್ಷ್ಮಪ್ಪ ಲಕ್ಷ್ಮೇಶ್ವರದ ಬಜಾರದಲ್ಲಿ ಹೆಸರಾದ ಟೇಲರ್. ತೀರಿಕೊಳ್ಳುವ ಮೊದಲು ಮಗಳಿಗೆ ಮನೆಯ ಮುಂಭಾಗದ ಅಂಗಡಿಯ ಜೊತೆ ಎರಡು ಮಾತು ಬಿಟ್ಟುಹೋಗಿದ್ದ. “ಅರಿವಿ ನೋಡೂದಾದ್ರ ಮೊದಲ ಒಳಮೈ ನೋಡು. ಅಂಗಡಿ ಮುಚ್ಚೂ ಮುಂದ ಸೂಜಿ ಎಣಸು.”

ಅದು ಲಗ್ನದ ಸೀಸನ್ನಿನ ಒಂದು ರಾತ್ರಿ. ಮದುಮಗಳ ಜಂಪರಿಗೆ ರಾಣಿ ಬಣ್ಣದ ದಾರದಲ್ಲಿ ಗುಂಡಿ ಹಚ್ಚುತ್ತಿದ್ದ ರೋಜಾ, ಆಯಾಸದಲ್ಲಿ ಸೂಜಿ ಎಣಿಸದೆ ಬಾಗಿಲು ಹಾಕಿದ್ದಳು. ಮರುದಿನದಿಂದ ಸಕ್ರಿಗೆ ವಾಂತಿ. ಅನ್ನ ನೀರು ಬಿಟ್ಟಿತು.

“ಏನು ತಿಂದೈತ್ರಿ?” ಎಂದು ಡಾಕ್ಟರ್ ಕೇಳಿದಾಗ ರೋಜಾ ನೆಲ ನೋಡುತ್ತ ಹೇಳಿದ್ದಳು, “ಹೊರಗ ಏನೋ ತಿಂದು ಬಂದೈತ್ರಿ.”

ಎಕ್ಸರೇಯಲ್ಲಿ ಸೂಜಿ ಕಂಡಿತ್ತು. ಹೊಟ್ಟೆ ಕೊಯ್ದು ಸೂಜಿ, ದಾರ ಎರಡನ್ನೂ ತೆಗೆದದ್ದಾಗಿ ಅವನು ಹೇಳಿದಾಗಲೂ ಅವಳು ತುಟಿ ಬಿಚ್ಚಿರಲಿಲ್ಲ.

ತನ್ನ ಸೂಜಿ. ತನ್ನ ದಾರ. ತನ್ನ ಸಕ್ರಿ!

ಆ ಸಂಕಟವನ್ನು ಎಲ್ಲಾದರೂ ಇಳಿಸಲೇಬೇಕಿತ್ತು. ಡಾಕ್ಟರನ ಹೊಲಿಗೆ ಕಣ್ಣಿಗೆ ಬಿತ್ತು.

ಮನೆಗೆ ಬಂದವಳೇ ಲಾಳಿಕೆ ಹುಡುಕಿ ಸಕ್ರಿಯ ಕೊರಳಿಗೆ ಹಾಕಿದಳು. ಸಿಟ್ಟು ಎಷ್ಟೇ ಇರಲಿ, ಆ ಮಾತನ್ನು ಮೀರುವ ಧೈರ್ಯ ಅವಳಿಗಿರಲಿಲ್ಲ.

ಧೈರ್ಯ ಇದ್ದದ್ದು ಅವ್ವ ದೇವವ್ವನಿಗೆ.

ಐತವಾರ ಮಧ್ಯಾಹ್ನ ರೋಜಾ ಜಂಪರ ಮುಟ್ಟಿಸಿ ಬರುವಷ್ಟರಲ್ಲಿ ಲಾಳಿಕೆ ಕಟ್ಟೆಯ ಮೇಲಿತ್ತು. ಸಕ್ರಿ ಮೂಲೆಯಲ್ಲಿ ಕೂತು ಹೊಟ್ಟೆ ನೆಕ್ಕುತ್ತಿತ್ತು. ನೆಲದ ಮೇಲೆ ರಕ್ತದ ಹನಿ!

“ಅವ್ವಾ! ಏನ ಮಾಡಿದಿ?”

“ಎಣ್ಣಿ ಹಾಕೂ ಲಾಳಿಕಿ ಕೊರಳಾಗ ಇಟ್ಟರ ಮೂಕ ಪ್ರಾಣಿ ಹೆಂಗ ಉಣಬೇಕವ್ವಾ? ಒಂದಿಷ್ಟು ಹಾಲು ರೊಟ್ಟಿ ಹಾಕಿದೆ...” ದೇವವ್ವನ ದನಿ ನಡುಗಿತು. “ಅದು ಹಲ್ಲು ಹಚ್ಚತೈತಿ ಅಂತ ನನಗೇನು ಗೊತ್ತು? ಯಾಕ ಹಾಕಬೇಕಂತ ಯಾರೂ ಹೇಳಲಿಲ್ಲಲ್ಲ!”

ಎರಡು ಹೊಲಿಗೆ ಕಿತ್ತು ಗಾಯ ಬಾಯಿ ತೆರೆದಿತ್ತು.

ರೋಜಾ ಮೊಬೈಲ್ ಕೈಗೆತ್ತಿಕೊಂಡಳು. ಕೆಳಗಿಟ್ಟಳು. ಮತ್ತೆ ಎತ್ತಿಕೊಂಡಳು.

‘ಯಾವ ಮುಖ ಇಟ್ಟುಕೊಂಡು ಕರೀಲಿ? ಒಂದು ಸ್ಟಾರ್ ಕೊಟ್ಟ ಮುಖಾನಾ?’

ಸಕ್ರಿ ಸಣ್ಣಗೆ ನರಳಿತು. ಅಷ್ಟೇ, ಮಾನ ಮರ್ಯಾದೆ ಎಲ್ಲ ಹಿಂದೆ ಬಿತ್ತು.

“ಹಲೋ... ನಾನ್ರಿ... ಆ ಬೆಕ್ಕಿನ...”

“ರೋಜಾ ಅವರೇನ್ರಿ? ಸಕ್ರಿ ಹೆಂಗದಾಳ?”

ಬೆಕ್ಕಿನ ಹೆಸರು ಅವನಿಗೆ ನೆನಪಿತ್ತು.

ಅವಳು ತೊದಲುತ್ತ ಹೇಳಿದ್ದನ್ನೆಲ್ಲ ಅವನು ಕೇಳಿಸಿಕೊಂಡ. “ಗಾಬರಿ ಆಗಬ್ಯಾಡ್ರಿ. ಒಗದಿಟ್ಟ ಹಸನಾದ ಅರಿವಿ ಗಾಯದ ಮ್ಯಾಲ ಇಡ್ರಿ, ಬಿಗಿ ಕಟ್ಟಬ್ಯಾಡ್ರಿ. ಅರಿಷಿಣ, ಎಣ್ಣಿ ಏನೂ ಹಚ್ಚಬ್ಯಾಡ್ರಿ. ಲಾಳಿಕಿ ಹಾಕ್ರಿ. ನಾ ಇಲ್ಲೇ ಬಾಳೆಹೊಸೂರಾಗ ಒಂದು ಎಮ್ಮಿ ನೋಡಾಕ ಬಂದೀನಿ. ಈಗ ಬಂದೆ.”

ಮೋಟರ್‌ಸೈಕಲ್ ಬಂದು ಅಂಗಡಿ ಮುಂದೆ ನಿಂತಾಗ ಅವನ ಅಂಗಿಯ ತುಂಬ ಹಾದಿಯ ಧೂಳು. ಕೈ ತೊಳೆದು, ಚೀಲದಿಂದ ಬಿಳಿ ಏಪ್ರನ್ ತೆಗೆದು ಹಾಕಿಕೊಂಡ. ಅರಿವೆ ಕತ್ತರಿಸುವ ಮೇಜನ್ನೇ ಒರೆಸಿ ಸಕ್ರಿಯನ್ನು ಮಲಗಿಸಿದರು.

“ಹಾಲು ರೊಟ್ಟಿ ತಿಂದಾಳಲ್ಲ, ಎಚ್ಚರ ತಪ್ಪಸೂದು ಬ್ಯಾಡ. ಈ ಜಾಗಾ ಅಷ್ಟ ಜೋಮು ಹಿಡಸ್ತೀನಿ. ನೀವು ಗಟ್ಟಿ ಹಿಡಕೋಬೇಕು. ಆಗತೈತೇನು?”

“ಆಗತೈತಿ.”

ಚುಚ್ಚುಮದ್ದಿನ ಸೂಜಿ ತಾಗಿದ್ದೇ ತಡ, ಸಕ್ರಿ ಪಂಜ ಬೀಸಿತು. ಏಪ್ರನ್ನಿನ ಕಿಸೆ ಪರ್ರನೆ ಹರಿಯಿತು. ಅವನು ಅದರತ್ತ ನೋಡಲೂ ಇಲ್ಲ.

ಮಷೀನಿನ ದೀಪವನ್ನು ದೇವವ್ವ ಹತ್ತಿರ ಎಳೆದಳು. ಬೆಳಕು ಗಾಯದೊಳಗೆ ಬಿತ್ತು. ರೋಜಾ ಬಗ್ಗಿ ನೋಡಿದಳು...

ಉಸಿರು ಹಿಡಿದಳು.

ಬಾಯಿ ತೆರೆದ ಚರ್ಮದ ಕೆಳಗೆ ಇನ್ನೊಂದು ಹೊಲಿಗೆ ಇತ್ತು. ಸಣ್ಣದು, ಒತ್ತೊತ್ತಾದದ್ದು. ಒಂದು ಗಂಟೂ ಸರಿದಿರಲಿಲ್ಲ. ಸಕ್ರಿಯ ಹೊಟ್ಟೆಯನ್ನು ಹಿಡಿದಿಟ್ಟಿದ್ದು ಅದು. ತಾನೇ ಹೊಲಿದಿದ್ದರೂ ಅದಕ್ಕಿಂತ ನೀಟಾಗಿ ಬರುತ್ತಿರಲಿಲ್ಲ.

“ಇದು... ನೀವ ಹಾಕಿದ್ದಾ?”

“ಹೂಂ. ಒಳಗ ಗಟ್ಟಿ ಇರಬೇಕು.”

“ಮತ್ತ ಮ್ಯಾಲಿಂದು ಯಾಕ ಸಡಲ?”

“ಅರಿವಿ ಬಾಯೂದಿಲ್ರಿ, ಚರ್ಮ ಬಾಯತೈತಿ. ಭಾಳ ಎಳದು ಬಿಗಿ ಮಾಡಿದ್ರ ರಕ್ತ ಓಡೂದಿಲ್ಲ, ಅಂಚು ಸಾಯತಾವು. ಒಂದಿಷ್ಟು ಸಡಲ ಬಿಟ್ರ ತಾವ ಕೂಡತಾವು.”

ರೋಜಾಳ ಕೆನ್ನೆ ಉರಿಯಿತು. ಯಾರ ಜಂಪರ ಕೈಗೆ ಬಂದರೂ ಮೊದಲು ಒಳಮೈ ತಿರುಗಿಸಿ ನೋಡುವವಳು ತಾನು. ಈ ಒಂದನ್ನು ಮಾತ್ರ ಮೇಲ್ಮೇಲೆ ನೋಡಿ ತೀರ್ಪು ಕೊಟ್ಟುಬಿಟ್ಟಿದ್ದಳು!

ಕಿತ್ತ ಕಡೆ ಹೊಸ ಹೊಲಿಗೆ ಬಿದ್ದಿತು. ಸಕ್ರಿ ಲಾಳಿಕೆಯೊಳಗಿಂದ ಎಲ್ಲರನ್ನೂ ಬೈಯುವಂತೆ ನೋಡುತ್ತ ಬುಟ್ಟಿ ಸೇರಿತು. ದೇವವ್ವ ಚಹಾ ಇಡಲು ಒಳಗೆ ಹೋದಳು.

ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾಗದು ಎಂದು ರೋಜಾಳಿಗೆ ಅನ್ನಿಸಿತು.

“ಡಾಕ್ಟರ... ಸಕ್ರಿ ಹೊರಗ ಏನೂ ತಿಂದಿದ್ದಿಲ್ಲ. ಆ ಸೂಜಿ ನಂದು. ನಾನ ಎಣಸದ ಬಿಟ್ಟಿದ್ದೆ.”

“ಗೊತ್ತಿತ್ರಿ.”

“ಗೊತ್ತಿತ್ತು?”

“ಹೊಟ್ಟ್ಯಾಗಿಂದ ತಗದ ದಾರದ ಬಣ್ಣ ನೋಡಿದ್ದೆ. ಅವತ್ತ ನೀವು ಬೈಯಾಕ ಬಂದಾಗ ಅದ ದಾರ ನಿಮ್ಮ ವೇಲಿನ ಮ್ಯಾಲಿತ್ತು.”

ರೋಜಾ ಅವನನ್ನೇ ನೋಡಿದಳು. ಅಷ್ಟು ಜನರ ಮುಂದೆ ಅವನನ್ನು ಬಾಯಿಗೆ ಬಂದಂತೆ ಅಂದಿದ್ದಳು. ಒಂದೇ ಮಾತಿನಲ್ಲಿ ಅವಳ ಬಾಯಿ ಮುಚ್ಚಿಸಬಹುದಿತ್ತು ಅವನು!

“ಯಾಕ ಹೇಳಲಿಲ್ಲ?”

“ನೀವು ಆಗಲೇ ಸಾಕಷ್ಟು ಶಿಕ್ಷಾ ಕೊಟ್ಕೊಂಡಿದ್ರಿ. ಮಾರಿ ಮ್ಯಾಲ ಕಾಣತಿತ್ತು.”

ತಡೆದಿಟ್ಟಿದ್ದ ಅಳು ಆಗ ಬಂತು. ಅವನು ಮೇಜಿನ ಮೇಲಿದ್ದ ಅರಿವೆ ತುಂಡೊಂದನ್ನು ಅವಳತ್ತ ಸರಿಸಿದ.

“ನಂದೂ ತಪ್ಪೈತ್ರಿ,” ಎಂದ. “ಲಾಳಿಕಿ ಹಾಕ್ರಿ ಅಂದೆ, ಯಾಕಂತ ಹೇಳಲಿಲ್ಲ. ಆಪರೇಷನ್ ಮುಗೀತು, ನನ್ನ ಕೆಲಸ ಮುಗೀತು ಅಂದ್ಕೊಂಡೆ. ನೀವು ಒಂದು ಸ್ಟಾರ್ ಕೊಟ್ಟು ಬರದಿದ್ರಲ್ಲ, ಅದರಾಗ ಎರಡನೇ ಮಾತು ಖರೇನ.”

“ಅಂದ್ರ... ಓದೀರಿ?” ಅಳುವಿನ ನಡುವೆ ಅವಳಿಗೆ ನಾಚಿಕೆ.

“ದಿನಾ ಓದ್ತೀನಿ.”

ನಗು ಬಂದುಬಿಟ್ಟಿತು ಇಬ್ಬರಿಗೂ.

ಹೊರಡುವಾಗ ರೋಜಾ ಕೈ ಚಾಚಿದಳು. “ಏಪ್ರನ್ ಕೊಡ್ರಿ. ಕಿಸೆ ಹರದೈತಿ.”

ಅವನು ಹೋದ ಮೇಲೆ ಮೊಬೈಲ್ ತೆಗೆದು ಹಳೆಯದನ್ನು ಅಳಿಸಿದಳು. ಮಾತು ತೂಗಿ ಹೊಸದು ಬರೆದಳು: “ನನ್ನ ಬೆಕ್ಕು ಉಳಿದಿದೆ. ಮೇಲಿನ ಹೊಲಿಗೆ ನೋಡಿ ತಪ್ಪು ತಿಳಿದಿದ್ದೆ, ಒಳಗಿನ ಹೊಲಿಗೆ ಬಲು ಚೆನ್ನ. ಕರೆದಾಗ ಬಂದರು. ಆದರೆ ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕೆಂದು ಮೊದಲೇ ಬಿಡಿಸಿ ಹೇಳಬೇಕು.” ನಾಲ್ಕು ಸ್ಟಾರ್.

ಹೊಲಿಗೆ ಬಿಚ್ಚುವ ದಿನ ಬಂತು.

ಚಿಕಿತ್ಸಾಲಯದ ಬೆಂಚಿನ ಮೇಲೆ ಮರ್ದಾನಸಾಬ ಆಡಿನ ಜೊತೆ ಕೂತಿದ್ದ. ರೋಜಾಳನ್ನು ಕಂಡವನೇ ಪಿಸುಗುಟ್ಟಿದ, “ತಂಗೀ, ಈ ಡಾಕ್ಟರಿಗೆ ಏನ ಮಾಡಿದೀಯವ್ವಾ? ಮೊದಲ ಎರಡು ಮಾತಿಗೆ ಕಳಸತಿದ್ರು. ಈಗ ಆಡಿಗೆ ಏನು ಹಾಕಬೇಕು, ಯಾಕ ಹಾಕಬೇಕು, ಹಾಕದಿದ್ರ ಏನಾಗತೈತಿ, ಎಲ್ಲಾ ಹೇಳ್ತಾರ. ನನ್ನ ಬಸ್ಸ ಹೋತು!”

ಒಳಗೆ ಫಕೀರೇಶ ಹೊಲಿಗೆಗಳನ್ನು ಬಿಚ್ಚಿದ. ಬಾವು ಇಳಿದಿತ್ತು. ಉಳಿದದ್ದು ಒಂದು ತೆಳ್ಳನೆ ಗೆರೆ. ಸಕ್ರಿ ಎದ್ದು, ಮೈ ಮುರಿದು, ಕಿಟಕಿಯ ಬಿಸಿಲಿಗೆ ಹೋಗಿ ಕೂತಿತು.

ರೋಜಾ ಮಡಚಿ ತಂದಿದ್ದ ಏಪ್ರನ್ ಮುಂದಿಟ್ಟಳು. ಅವನು ಕಿಸೆಯನ್ನು ಮೇಲಿನಿಂದ ನೋಡಲೇ ಇಲ್ಲ. ಮೊದಲು ಒಳಮೈ ತಿರುಗಿಸಿದ.

ಒಳಗೆ ಸಾಲಾಗಿ ಸಣ್ಣ ಸಣ್ಣ ಹೊಲಿಗೆ. ರಾಣಿ ಬಣ್ಣದ ದಾರ.

“ಇದು...”

“ಅದ ರೀಲು. ಒಗೀಬೇಕಂತ ಮಾಡಿದ್ದೆ. ಕೈ ಬರಲಿಲ್ಲ. ಅದು ಇರದಿದ್ರ...”

“ಇರದಿದ್ರ?”

“ನೀವ ಹೇಳ್ರಿ. ಮಾತು ಕಲ್ತೀರಂತಲ್ಲ!”

ಫಕೀರೇಶ ಏಪ್ರನ್ನನ್ನು ಕೆಳಗಿಡಲಿಲ್ಲ.

“ಅದು ಇರದಿದ್ರ ಲಕ್ಷ್ಮೇಶ್ವರದ ಹಾದಿ ನನಗ ಹಾದಿ ಅಷ್ಟ ಆಗಿರತಿತ್ತು.” ಅವನ ದನಿ ಸಣ್ಣಗಾಯಿತು. “ಸಕ್ರಿಗೆ ಗುಣ ಆತು. ಇನ್ನ ಬರಾಕ ನೆವ ಇಲ್ಲ. ನೆವ ಇಲ್ದ ಬಂದ್ರ... ನಡೀತೈತೇನ್ರಿ? ನಿಮ್ಮನ್ನ ನೋಡಾಕ?”

ರೋಜಾ ಕಿಟಕಿಯ ಕಡೆ ನೋಡಿದಳು. ಸಕ್ರಿ ಕಣ್ಣು ಮುಚ್ಚಿ ಕೂತಿತ್ತು. ‘ಇಲ್ಲ’ ಎನ್ನಲು ಅವಳಲ್ಲಿ ಒಂದು ಕಾರಣವೂ ಇರಲಿಲ್ಲ.

“ಆ ಐದನೇ ಸ್ಟಾರ್ ಯಾವಾಗ ಕೊಡ್ತೀರಿ?” ಅವನೇ ಕೇಳಿದ.

“ಅವಸರ ಮಾಡಬ್ಯಾಡ್ರಿ. ಭಾಳ ಎಳದು ಬಿಗಿ ಮಾಡಿದ್ರ ಅಂಚು ಸಾಯತಾವು, ನೀವ ಹೇಳೀರಿ.” ಅವಳು ಈಗ ಅವನ ಕಣ್ಣುಗಳನ್ನು ನೇರ ನೋಡಿದಳು. ಮಾಸ್ಕಿನ ಮೇಲೆ ಮೊದಲ ದಿನ ನಂಬಿದ್ದ ಅದೇ ಕಣ್ಣು. “ಐತವಾರ ಬರ್ರಿ. ಅವ್ವ ರೊಟ್ಟಿ ಬಡೀತಾಳ. ಎಮ್ಮಿ ನೋಡಾಕ ಬಂದಿದ್ದೆ ಅಂತ ಮಾತ್ರ ಆಕಿ ಮುಂದ ಹೇಳಬ್ಯಾಡ್ರಿ.”

“ಮತ್ತ ಏನಂತ ಹೇಳ್ಲಿ?”

“ಖರೇದ್ದ ಹೇಳ್ರಿ.”