ದೆವ್ವಗಳ ತಿಂಗಳಲ್ಲಿ ಕೊಂಡ ಬೈಕು

ದೂರು ನಾನ್‌ಹೆ ಠಾಣೆಗೆ ಬಂದದ್ದು ಸೆಪ್ಟೆಂಬರ್ ಹತ್ತರಂದು, ಬೆಳಿಗ್ಗೆ ಹನ್ನೊಂದಕ್ಕೆ. ಕೊಟ್ಟವಳು ಮಾರುಕಟ್ಟೆ ಬೀದಿಯಲ್ಲಿ ಮೊಟ್ಟೆ ದೋಸೆ, ಸೋಯಾ ಹಾಲು ಮಾರುವ ಶಿಯಾವ್ ಜಿನ್-ಫೆಂಗ್. ಬೆಳಗಿನ ಗಿರಾಕಿಗಳನ್ನು ಕಳಿಸಿ, ಸೊಂಟಕ್ಕೆ ಕಟ್ಟಿದ ಬಟ್ಟೆಯನ್ನೂ ಬಿಚ್ಚದೆ ಬಂದಿದ್ದಳು. ಅದೇ ಅಪಘಾತದ ಬಗ್ಗೆ ಠಾಣೆಯಲ್ಲಿ ಆಗಲೇ ಒಂದು ಎಫ್‌ಐಆರ್ ಇತ್ತು. ಅದರಲ್ಲಿ ಆರೋಪಿ ಈಕೆಯ ಮಗಳೇ.

ಮಗಳು ಲೋ ಯಿ-ಝೆನ್, ವಯಸ್ಸು ಇಪ್ಪತ್ತೊಂದು, ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸ. ಹಿಂದಿನ ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಕಾಲುವೆ ಸೇತುವೆಯ ತಿರುವಿನಲ್ಲಿ ಅವಳ ಬೈಕು ಹಿಡಿತ ತಪ್ಪಿ, ತರಕಾರಿ ಹಿಡಿದು ನಡೆದು ಹೋಗುತ್ತಿದ್ದ ತ್ಸಾಯ್ ಎಂಬ ನಿವೃತ್ತ ರೈಲ್ವೆ ನೌಕರನಿಗೆ ಬಡಿದಿತ್ತು. ಅವಳ ಕಾಲು ಮುರಿದಿತ್ತು. ಮುದುಕನಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಸಂಚಾರ ವಿಭಾಗದ ಸಬ್‌ಇನ್‌ಸ್ಪೆಕ್ಟರ್ ಸ್ಥಳಕ್ಕೆ ಹೋಗಿ, ಒಂದು ಸಿಗರೇಟು ಮುಗಿಯುವಷ್ಟು ಹೊತ್ತು ನಿಂತು, 'ಸವಾರಳ ಅಜಾಗರೂಕತೆ ಮತ್ತು ಅನನುಭವ' ಎಂದು ಬರೆದು ಬಂದಿದ್ದ. ಆ ಮಹಾಶಯನ ಇಡೀ ಸೇವಾವಧಿಯಲ್ಲಿ ಬೈಕು ತಪ್ಪು ಮಾಡಿದ ಉದಾಹರಣೆಯೇ ಇಲ್ಲ. ತಪ್ಪೆಲ್ಲ ಯಾವಾಗಲೂ ಹೆಣ್ಣುಮಕ್ಕಳದು, ಇಲ್ಲವೇ ಮುದುಕರದು.

ಇನ್‌ಸ್ಪೆಕ್ಟರ್ ಜಿಯಾನ್ ವೆನ್-ಶೌ ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ.

"ಯಾರ ಮೇಲಮ್ಮ ದೂರು?"

"ಬೈಕ್ ಮಾರಿದವನ ಮೇಲೆ. ಹೌ ಟೆಂಗ್-ಫಾ ಮೇಲೆ."

"ನಿಮ್ಮ ಮಗಳಿಗೆ ಓಡ್ಸೋಕೆ ಸರಿಯಾಗಿ ಬರುತ್ತಾ?"

"ನನ್ನ ಹಳೇ ಸ್ಕೂಟರಲ್ಲಿ ಅವಳ ಹಿಂದೆ ಹಾಲಿನ ಕ್ಯಾನ್ ಹಿಡ್ಕೊಂಡು ವರ್ಷಗಟ್ಟಲೆ ಕೂತಿದೀನಿ ಸಾರ್. ಒಂದು ಹನಿ ಚೆಲ್ಲಿಲ್ಲ."

"ಅವಳೇನಂತಾಳೆ?"

"ತಿರುವಲ್ಲಿ ಹ್ಯಾಂಡಲ್ ತಿರುಗಿಸ್ದೆ, ಅದು ಕೈಗೇ ಬಂತು ಅಂತಾಳೆ. ನಿಮ್ಮ ಸಂಚಾರದ ಸಾಹೇಬ್ರು ಅದನ್ನ ಬರ್ಕೊಳ್ಳಲೇ ಇಲ್ಲ."

"ಕೊಂಡಿದ್ದು ಯಾವಾಗ?"

"ಹೋದ ತಿಂಗಳು."

"ದೆವ್ವಗಳ ತಿಂಗಳಲ್ಲಾ?"

"ಬೇರೆ ತಿಂಗಳಲ್ಲಿ ಕೊಳ್ಳೋ ಯೋಗ್ಯತೆ ಇದ್ದಿದ್ರೆ ಕೊಳ್ತಿರ್ಲಿಲ್ವಾ ಸಾರ್?"

ಅದು ಚಾಂದ್ರಮಾನದ ಏಳನೇ ತಿಂಗಳು, ಆಗ ಸತ್ತವರು ಬೀದಿಗಿಳಿಯುತ್ತಾರೆಂದು ಊರಲ್ಲಿ ಯಾರೂ ಗಾಡಿ ಕೊಳ್ಳುವುದಿಲ್ಲ, ಮನೆ ಬದಲಿಸುವುದಿಲ್ಲ, ಮದುವೆ ಇಡುವುದಿಲ್ಲ. ಅಂಗಡಿಗಳು ಖಾಲಿ ಹೊಡೆಯುತ್ತವೆ, ಹಳೇ ಗಾಡಿಗಳ ಬೆಲೆ ಜರ್ರನೆ ಇಳಿಯುತ್ತದೆ. ಉಳ್ಳವರಿಗೆ ದೆವ್ವದ ಭಯ. ಇಲ್ಲದವರಿಗೆ ಬಸ್ಸು ತಪ್ಪಿ ಕೆಲಸ ಹೋಗುವ ಭಯ ಅದಕ್ಕಿಂತ ದೊಡ್ಡದು.

ಅಂದೇ ಮಧ್ಯಾಹ್ನ ಠಾಣೆಯ ಹಿಂದಿನ ಶೆಡ್ಡಿನಲ್ಲಿ ಬೈಕಿನ ಪಂಚನಾಮೆ ನಡೆಯಿತು. ಪಂಚರಾಗಿ ಎದುರಿನ ಎಲೆಅಡಿಕೆ ಅಂಗಡಿಯಾಕೆಯನ್ನೂ ಲಾಟರಿ ಮಾರುವವನನ್ನೂ ಕರೆಸಲಾಯಿತು. ಬರೆದುಕೊಂಡವಳು ಕಾನ್‌ಸ್ಟೆಬಲ್ ಪಾನ್ ಯು-ಟಿಂಗ್. ಬೈಕು ನೀಲಿ ಬಣ್ಣದ್ದು, ಬಿದ್ದು ಉಜ್ಜಿದ ಕಡೆ ಬಿಟ್ಟರೆ ಈಗಲೂ ಕನ್ನಡಿ.

"ಏನ್ ಬಣ್ಣ ಸಾರ್! ಮದುಮಗಳ ಥರ ಇದೆ," ಎಂದಳು ಅಡಿಕೆಯಾಕೆ.

"ಮದುಮಗಳ ಕತ್ತು ಮುರಿದಿದೆ. ಅದನ್ನ ನೋಡಿ ಸಹಿ ಹಾಕ್ರಿ," ಎಂದ ಜಿಯಾನ್.

ಹ್ಯಾಂಡಲ್ ಕೂರುವ ಕಡೆ ಚಾಸಿ ಎರಡು ತುಂಡಾಗಿತ್ತು. ಮುರಿದ ಬಾಯಿಯಲ್ಲಿ ಹಳೆಯ ವೆಲ್ಡಿಂಗ್, ಅದರ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಬಣ್ಣ. ಮೇಲೆ ಥಳಕು, ಒಳಗೆ ಹುಳುಕು. ಸಂಚಾರದ ಸಾಹೇಬ ಬಗ್ಗಿ ನೋಡಿದ್ದರೆ ಅವನಿಗೂ ಕಾಣುತ್ತಿತ್ತು, ಆದರೆ ಬಗ್ಗಲು ಹೊಟ್ಟೆ ಬಿಡಬೇಕಲ್ಲ. ಚಾಸಿ ನಂಬರ್ ಇದ್ದ ತುಂಡನ್ನು ಕತ್ತರಿಸಿ, ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಿದರು.

ಸಂಜೆ ಆಸ್ಪತ್ರೆಯಲ್ಲಿ ಯಿ-ಝೆನ್‌ಳ ಹೇಳಿಕೆ ಪಡೆದರು. ಅವಳು ಮೊದಲು ಕೇಳಿದ್ದು ಪೆಟ್ಟು ತಿಂದ ಅಜ್ಜನ ವಿಷಯ. ಹಾಗೇ ಇದ್ದಾರೆ ಎಂದಳು ಪಾನ್.

"ಗಾಡಿ ಹೇಗೆ ಆರಿಸ್ದೆ?"

"ಮೂರು ಅಂಗಡಿ ಸುತ್ತಿದೆ ಸಾರ್. ಕಡಿಮೆ ದುಡ್ಡಲ್ಲಿ ಹಳೇ ಬೈಕ್ ಹೇಗೆ ಕೊಳ್ಳೋದು ಅಂತ ಫೋನಲ್ಲಿ ವಿಡಿಯೋ ನೋಡ್ಕೊಂಡೇ ಹೋಗಿದ್ದೆ. ಟಯರ್ ನೋಡಿದೆ, ಚೈನ್ ನೋಡಿದೆ, ಆಯಿಲ್ ನೋಡಿದೆ. ಬೀದಿ ಕೊನೇವರೆಗೂ ಓಡಿಸಿದೆ. ನಂಬರಲ್ಲಿ ಸಾವಿನ ಅಂಕಿ ನಾಲ್ಕು ಇರ್ಲಿಲ್ಲ."

"ಚಾಸಿ?"

"ಅದನ್ನ ನೋಡ್ಬೇಕು ಅಂತ ವಿಡಿಯೋದಲ್ಲಿ ಹೇಳ್ಲಿಲ್ಲ."

ಪುಕ್ಕಟೆ ಬುದ್ಧಿ ಹೇಳುವವರೆಲ್ಲ ಹೀಗೇ. ಹಾರ್ನ್ ಹೊಡೆದು ನೋಡಿ ಎನ್ನುತ್ತಾರೆ, ಹಾರ್ನ್ ಇಲ್ಲದೆ ಸತ್ತವನನ್ನು ಮಾತ್ರ ಯಾರೂ ಕಂಡಿಲ್ಲ.

ಮರುದಿನ ಜಿಯಾನ್, ಪಾನ್ ಇಬ್ಬರೂ ಹೌ ಟೆಂಗ್-ಫಾನ ಅಂಗಡಿಗೆ ಹೋದರು. ಹೌ ಐವತ್ತರ ಆಸುಪಾಸಿನವ, ಕೈಯಲ್ಲಿ ಗಂಧದ ಜಪಮಣಿ, ಬೆರಳಿಗೆ ಉಂಗುರ, ಮುಖದಲ್ಲಿ ಊರ ಗುಡಿಯ ಕಮಿಟಿಯವರಿಗೆ ಮಾತ್ರ ಬರುವ ಆ ಎಣ್ಣೆಯಂಥ ವಿನಯ. ಸಾಲಾಗಿ ನಿಂತ ಬೈಕುಗಳ ನಡುವೆ ಚಹಾದ ಮಣೆ ಹಾಕಿಕೊಂಡಿದ್ದ.

"ಬನ್ನಿ ಬನ್ನಿ ಸಾರ್, ಟೀ ಕುಡೀರಿ."

"ಆ ನೀಲಿ ಗಾಡಿ ಎಲ್ಲಿಂದ ಬಂತು?"

"ಹರಾಜಿಂದ. ಕಾಗದ ಪತ್ರ ಎಲ್ಲಾ ಪಕ್ಕಾ ಇದೆ. ಹುಡುಗಿ ಸಹಿ ಹಾಕಿದಾಳೆ, ಇದ್ದ ಸ್ಥಿತೀಲೇ ತಗೊಂಡಿದೀನಿ ಅಂತ."

"ಕತ್ತಿಗೆ ವೆಲ್ಡಿಂಗ್ ಮಾಡಿದ್ಯಾರು?"

"ವೆಲ್ಡಿಂಗಾ? ನಂಗೇನ್ ಗೊತ್ತು ಸಾರ್. ಹಿಂದಿನೋನು ಮಾಡಿರ್ಬೇಕು. ನಾನು ಒರೆಸಿ ಮಾರೋನು."

"ಬಣ್ಣ?"

"ಬಣ್ಣ ಹಚ್ಚೋದು ಅಪರಾಧಾನಾ? ತಾವೂ ತಲೆಗೆ ಹಚ್ತೀರಲ್ಲ."

ಪಾನ್ ಗೋಡೆಯ ಕಡೆ ತಿರುಗಿಕೊಂಡಳು, ನಗು ಕಾಣಬಾರದೆಂದು. ಕಳ್ಳನಿಗೊಂದು ಪಿಳ್ಳೆ ನೆವ ಎನ್ನುತ್ತಾರೆ. ಈತನ ಹತ್ತಿರ ನೆವಗಳ ಗೋದಾಮೇ ಇತ್ತು. ಅವನಿಗೆ ಗೊತ್ತಿತ್ತೆಂದು ತೋರಿಸದ ಹೊರತು ಹುಡುಗಿ ಪಾರಾಗುವಂತಿರಲಿಲ್ಲ.

ತಿರುಗಿಕೊಂಡ ಪಾನ್ ಅಲ್ಲೇ ನಿಂತಳು. ಗೋಡೆಯಲ್ಲಿ ಭೂದೇವರ ಪುಟ್ಟ ಗೂಡು, ಅದರ ಕೆಳಗಿನ ಮೊಳೆಗೆ ಕೆಂಪು ತಾಯಿತದ ಚೀಲಗಳ ಗೊಂಚಲು. ಒಂದೊಂದು ಒಂದೊಂದು ಗುಡಿಯದು. ಜನ ಬೈಕಿನ ಹ್ಯಾಂಡಲ್ಲಿಗೆ ಕಟ್ಟಿಕೊಳ್ಳುವಂಥವು.

"ಇವು ಯಾರವು ಸಾಹುಕಾರ್ರೇ?"

"ನನ್ನವೇ. ಏನೋ ಭಕ್ತಿ," ಎಂದು ಹೌ ಎದ್ದು ನಿಂತ. ಯಾರೂ ಏಳು ಎಂದಿರಲಿಲ್ಲ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಇವನೇ.

"ಈ ಹಳದಿ ಗೊಂಡೆದು ಯಾವ ಗುಡಿದು?"

"ಅದು... ಮರೆತೋಗಿದೆ. ಕೆಲವು ಗಿರಾಕಿಗಳೂ ಬಿಟ್ಟು ಹೋಗಿರ್ತಾರೆ, ಗಾಡಿ ಮಾರ್ದಾಗ."

"ಗಾಡಿ ಮಾರೋರು ತಾಯಿತ ಬಿಟ್ಟು ಹೋಗ್ತಾರಾ? ನಮ್ಮಪ್ಪ ಹೆಲ್ಮೆಟ್ ಬಿಟ್ಟ, ಟೂಲು ಬಿಟ್ಟ, ತುಂಬಿಸಿದ್ದ ಪೆಟ್ರೋಲನ್ನೂ ಬಿಟ್ಟ. ತಾಯಿತ ಮಾತ್ರ ತಾನೇ ಬಿಚ್ಕೊಂಡು ಹೋಗಿ ಹೊಸ ಗಾಡಿಗೆ ಕಟ್ಟಿದ."

ಜಿಯಾನ್ ಚಹಾದ ಬಟ್ಟಲು ಕೆಳಗಿಟ್ಟ. ಅವಳು ಹೇಳಿದ್ದು ಸರಿ. ಆ ಸೀಮೆಯಲ್ಲಿ ತಾಯಿತವನ್ನು ಯಾರೂ ಮಾರುವುದಿಲ್ಲ, ಎಸೆಯುವುದಿಲ್ಲ. ಮುಂದಿನ ಗಾಡಿಗೆ ಕಟ್ಟುತ್ತಾರೆ, ಇಲ್ಲವೇ ಕೊಟ್ಟ ಗುಡಿಗೇ ಒಯ್ದು ಅಲ್ಲಿನ ಬೆಂಕಿಗೆ ಹಾಕುತ್ತಾರೆ. ಬೈಕಿನ ಜೊತೆ ತಾಯಿತ ಬಿಟ್ಟು ಹೋಗುವವನು ಒಬ್ಬನೇ, ಅದೇ ಬೈಕಿನ ಮೇಲೆ ಸತ್ತವನು.

"ಪಂಚರನ್ನ ಕರ್ಸು. ಇವೆಲ್ಲ ಜಪ್ತಿ," ಎಂದ.

ಅಲ್ಲಿಯವರೆಗೆ ನಗುತ್ತಿದ್ದ ಹೌ ಈಗ ಮೊಳೆಗೆ ಅಡ್ಡ ಬಂದು ನಿಂತ. "ಬೇಕಾದ್ರೆ ಗಾಡಿ ಒಯ್ಯಿರಿ, ಪೆಟ್ಟಿಗೆ ಒಯ್ಯಿರಿ. ಅವನ್ನ ಮುಟ್ಬೇಡಿ ಸಾರ್! ದಿನಾ ಊದುಬತ್ತಿ ಹಚ್ತೀನಿ ಅವಕ್ಕೆ!"

ಸತ್ತವರ ಗಾಡಿಗೆ ಬಣ್ಣ ಹೊಡೆದು ಬದುಕಿರುವವರನ್ನು ಹತ್ತಿಸುವಾಗ ಈ ಮನುಷ್ಯನ ಕೈ ನಡುಗಿರಲಿಲ್ಲ. ತಾಯಿತ ಎಸೆಯಲು ಮಾತ್ರ ಧೈರ್ಯವಿಲ್ಲ. ಗುಡಿಗೆ ಒಯ್ದರೆ ಯಾರದೆಂದು ಕೇಳುತ್ತಾರೆ, ಕಸಕ್ಕೆ ಹಾಕಿದರೆ ಸತ್ತವನು ಬೆನ್ನು ಹತ್ತುತ್ತಾನೆ. ಹಾಗಾಗಿ ಬುದ್ಧಿವಂತ ಸಾಕ್ಷ್ಯವನ್ನೆಲ್ಲ ಮೊಳೆಗೆ ನೇತುಹಾಕಿ ಪೂಜೆ ಮಾಡುತ್ತಿದ್ದ.

ಹದಿಮೂರರಂದು ಮುದುಕ ತ್ಸಾಯ್ ತೀರಿಕೊಂಡ. ಅವನನ್ನು ನೋಡಲು ವರ್ಷಕ್ಕೊಮ್ಮೆಯೂ ಬಾರದ ಇಬ್ಬರು ಮಕ್ಕಳು ವಕೀಲನ ಜೊತೆ ಠಾಣೆಗೆ ಬಂದು, ಹುಡುಗಿಯನ್ನು ಇನ್ನೂ ಯಾಕೆ ಒಳಗೆ ಹಾಕಿಲ್ಲ ಎಂದು ಮೇಜು ಗುದ್ದಿದರು. ಎಫ್‌ಐಆರ್‌ನಲ್ಲಿ ಕಲಮು ಬದಲಾಗಿ, ಅಜಾಗರೂಕತೆಯಿಂದ ಸಾವಿಗೆ ಕಾರಣ ಎಂದಾಯಿತು. ಸಾಬೀತಾದರೆ ಜೈಲು. ಆಸ್ಪತ್ರೆಯಿಂದ ಬಿಟ್ಟ ದಿನವೇ ಬಂಧಿಸುವುದೋ ಹೇಗೆ ಎಂದು ಸಂಚಾರದ ಸಾಹೇಬ ಎರಡು ಬಾರಿ ಫೋನು ಮಾಡಿದ. ಅವನಿಗೆ ಇಷ್ಟು ಚುರುಕು ಬಂದದ್ದು ಯಾರೂ ಕಂಡಿರಲಿಲ್ಲ.

ಹಳದಿ ಗೊಂಡೆಯ ತಾಯಿತದ ಮೇಲೆ ಸಮುದ್ರದಂಡೆಯ ಒಂದು ಹಳ್ಳಿಯ ಗುಡಿಯ ಮುದ್ರೆ ಇತ್ತು. ಜಿಯಾನ್ ಅದನ್ನು ಹಿಡಿದು ಅಲ್ಲಿಗೆ ಹೋದ. ಗುಡಿ ನೋಡಿಕೊಳ್ಳುವ ಮುದುಕ ಕನ್ನಡಕ ಮೇಲೆತ್ತಿ ನೋಡಿದ.

"ಹಳದಿ ಗೊಂಡೆದು ಎಲ್ರಿಗೂ ಕೊಡಲ್ಲಪ್ಪ. ಅಮ್ಮನ ಪಲ್ಲಕ್ಕಿ ಹೊತ್ತ ಹುಡುಗ್ರಿಗೆ ಮಾತ್ರ."

"ಅವ್ರಲ್ಲಿ ಬೈಕಲ್ಲಿ ಹೋಗಿ ತೀರ್ಕೊಂಡೋರು ಇದಾರಾ ಅಜ್ಜ?"

"ಕುನ್-ಮು. ಹೋದ ಚಳಿಗಾಲ ಲಾರಿ ಗುದ್ದಿತು." ಮುದುಕ ತಾಯಿತವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಇದು ನಿನ್ನ ಕೈಗೆ ಹೇಗೆ ಬಂತು?"

ಕುನ್-ಮುವಿನ ಹೆಂಡತಿ ದಂಡೆಯ ಶೆಡ್ಡಿನಲ್ಲಿ ಸಿಂಪಿ ಬಿಡಿಸುತ್ತಿದ್ದಳು. ತಾಯಿತ ನೋಡಿ ಚಾಕು ಕೆಳಗಿಟ್ಟಳು.

"ಇದನ್ನ ಕೇಳಿದ್ದೆ. ಸಿಗ್ಲಿಲ್ಲ ಅಂದ ಗುಜರಿಯೋನು."

"ಗಾಡಿನ ಅವನಿಗೆ ಮಾರಿದ್ರಾ?"

"ಮಾರೋದಾ? ಇನ್ನೊಬ್ರು ಅದ್ರ ಮೇಲೆ ಕೂರಬಾರ್ದು, ಜಜ್ಜಿಬಿಡಪ್ಪ ಅಂತ ನಾನೇ ಅವನ ಕೈಗೆ ಕಾಸು ಕೊಟ್ಟೆ. ಕತ್ತಿನ ಹತ್ರ ಎರಡು ತುಂಡಾಗಿತ್ತು ಸಾರ್ ಅದು."

ಜಿಯಾನ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಅವಳು ಅವನ ಮುಖ ನೋಡಿದಳು.

"ಯಾರನ್ನ ಕೂರಿಸ್ದ?"

"ಒಬ್ಬ ಹುಡುಗಿನ."

"ಬದುಕಿದಾಳಾ?"

"ಬದುಕಿದಾಳೆ."

ಅವಳು ಅಲ್ಲೇ ಸಿಂಪಿಯ ರಾಶಿಯ ಪಕ್ಕ ಕೂತು ಅತ್ತಳು. ಗಂಡನಿಗೆ ಅತ್ತಳೋ ಹುಡುಗಿಗೋ, ಕೇಳುವ ಹಾಗಿರಲಿಲ್ಲ.

ಗುಜರಿಯವನನ್ನು ಠಾಣೆಗೆ ಕರೆತಂದರು. ಒಂದು ಲೋಟ ನೀರು ಕೊಟ್ಟದ್ದೇ ತಡ, ಎಲ್ಲ ಕಕ್ಕಿದ. ಜಜ್ಜಲು ಕೊಟ್ಟ ಗಾಡಿಗಳಲ್ಲಿ ಎಂಜಿನ್ ನೆಟ್ಟಗಿದ್ದವನ್ನು ಹೌ ಕೊಳ್ಳುತ್ತಿದ್ದ, ಅದೇ ಮಾದರಿಯ ಬೇರೆ ಗಾಡಿಯ ನಂಬರನ್ನು ಚಾಸಿಗೆ ಹೊಡೆಸುತ್ತಿದ್ದ. ಇಪ್ಪತ್ತನಾಲ್ಕರಂದು ಪ್ರಯೋಗಾಲಯದ ವರದಿ ಬಂತು. ಉಜ್ಜಿ ಅಳಿಸಿದ್ದ ಹಳೆಯ ನಂಬರು ಆ್ಯಸಿಡ್ ಬಿದ್ದೊಡನೆ ಎದ್ದು ಬಂದಿತ್ತು. ಅದು ಕುನ್-ಮುವಿನ ಗಾಡಿಯದು.

ಅಂದೇ ಮಧ್ಯಾಹ್ನ ಮೂರಕ್ಕೆ ಹೌನನ್ನು ಅವನ ಅಂಗಡಿಯಲ್ಲೇ ಬಂಧಿಸಲಾಯಿತು. ಬೀದಿಯ ಜನ ನೋಡಲು ನಿಂತರು. ಅವರಲ್ಲಿ ಅರ್ಧ ಜನ ಅವನ ಗಾಡಿ ಓಡಿಸುವವರು. ಒಬ್ಬೊಬ್ಬರೇ ಬಗ್ಗಿ ತಮ್ಮ ಹ್ಯಾಂಡಲ್ಲಿನ ಕೆಳಗೆ ಉಗುರಿನಿಂದ ಕೆರೆದು ನೋಡತೊಡಗಿದರು.

ವಿಚಾರಣೆ ಉದ್ದವಾಗಲಿಲ್ಲ.

"ಅಂಗಡೀಲಿ ಒಳ್ಳೆ ಗಾಡಿ ಇರ್ಲಿಲ್ವಾ?"

"ಬೇಕಾದಷ್ಟಿದ್ವು. ಆ ಬೆಲೆಗೇ ಇದ್ವು."

"ಮತ್ತೆ ಅವಳಿಗೆ ಇದನ್ನ ಯಾಕೆ ಕೊಟ್ಟೆ?"

"ಅವಳು ಕೇಳಲ್ಲ ಅಂತ ಗೊತ್ತಿತ್ತು."

"ಹೆಂಗೆ ಗೊತ್ತಿತ್ತು?"

ಹೌ ಕಸುಬಿನ ಗುಟ್ಟು ಹೇಳಿಕೊಡುವವನ ಹಾಗೆ ಮುಂದಕ್ಕೆ ಬಾಗಿದ. "ಸಾರ್, ಬಾಯಲ್ಲಿ ಅಡಿಕೆ ಹಾಕ್ಕೊಂಡು ಬಂದು ಗಾಡಿನ ಒದ್ದು ನೋಡೋನಿಗೆ ನಾನು ಯಾವತ್ತೂ ಕೆಟ್ಟ ಗಾಡಿ ಕೊಟ್ಟಿಲ್ಲ. ಅವನು ತಿರುಗಿ ಬರ್ತಾನೆ, ಗಲಾಟೆ ಮಾಡ್ತಾನೆ. ಇನ್ನು ಕೆಲವ್ರು ಇರ್ತಾರೆ, ಒಳಗೆ ಕಾಲಿಡ್ತಿದ್ದಂಗೇ ನನ್ನತ್ರ ಇರೋದು ಇಷ್ಟೇ ಅಂತ ಹೇಳ್ಕೊಂಡ್ಬಿಡ್ತಾರೆ. ಹೇಳಿದ್ಮೇಲೆ ಅವರಿಗೇ ನಾಚಿಕೆ, ಬಾಯಿ ಬಿಡಲ್ಲ. ಟಯರ್ ಒತ್ತಿ ನೋಡ್ತಾರೆ, ಹಾರ್ನ್ ಹೊಡೀತಾರೆ, ಬಗ್ಗಿ ನಮಸ್ಕಾರ ಬೇರೆ ಮಾಡಿ ಹೋಗ್ತಾರೆ. ಅಂಥೋರಿಗೆ ಒಳ್ಳೆ ಗಾಡಿ ದಂಡ."

ಕಾರಣದ ಜಾಗದಲ್ಲಿ ಪಾನ್ 'ದುರಾಸೆ' ಎಂದು ಬರೆದಿದ್ದಳು.

"ಅದನ್ನ ಹೊಡೆದು ಹಾಕು," ಎಂದ ಜಿಯಾನ್. "ದುರಾಸೆ ಇದ್ದೋನು ಎಲ್ರಿಗೂ ಮೋಸ ಮಾಡ್ತಾನೆ. ತಾತ್ಸಾರ ಅಂತ ಬರಿ."

ಯಿ-ಝೆನ್‌ಳ ಮೇಲಿನ ಪ್ರಕರಣವನ್ನು ಸರ್ಕಾರಿ ವಕೀಲರು ಕೈಬಿಟ್ಟ ಸುದ್ದಿಯನ್ನು ಜಿಯಾನ್ ತಾನೇ ಹೋಗಿ ತಿಳಿಸಿದ. ತಾಯಿಯೂ ಅಲ್ಲೇ ಇದ್ದಳು. ಹುಡುಗಿ ಖುಷಿಪಡಲಿಲ್ಲ. ಅಜ್ಜ ಹೋಗಿದ್ದು ಹೋಗಿದ್ದೇ ಅಲ್ವಾ ಎಂದಳು. ಆಮೇಲೆ ಕೇಳಿದಳು:

"ಅಷ್ಟೊಂದು ಗಾಡಿ ಇದ್ವಲ್ಲ ಸಾರ್, ನಂಗೇ ಯಾಕೆ ಅದನ್ನ ಕೊಟ್ಟ? ನಾನೇನು ಚೌಕಾಸಿ ಮಾಡ್ಲಿಲ್ಲ, ಸುಳ್ಳು ಹೇಳ್ಲಿಲ್ಲ. ಅಂಕಲ್, ನನ್ನತ್ರ ಇರೋದು ಇಷ್ಟೇ, ನೀವೇ ನೋಡಿ ಒಂದು ಕೊಡಿ ಅಂತ ಬಾಗಿಲಲ್ಲೇ ಹೇಳ್ಬಿಟ್ಟೆ."

"ನಾನೇ ಹೇಳ್ಕೊಟ್ಟಿದ್ದು ಸಾರ್," ಎಂದಳು ತಾಯಿ. "ಮೊದಲೇ ನಿಜ ಹೇಳ್ಬಿಟ್ರೆ ಯಾರೂ ಮೋಸ ಮಾಡಲ್ಲ ಅಂತ."

ಹೌನ ಹೇಳಿಕೆಯ ಪ್ರತಿ ಜಿಯಾನ್‌ನ ಜೇಬಿನಲ್ಲಿತ್ತು. ಯಾಕೆ ಕೊಟ್ಟನೋ ಗೊತ್ತಿಲ್ಲಮ್ಮ, ಅವನು ಬಾಯಿ ಬಿಡಲಿಲ್ಲ ಎಂದು ಹೇಳಿ ಎದ್ದ.