ಮೊದಲು ನಿಲ್ಲಿಸಿದ ಕಂಬ

೧೯೯೯ರಲ್ಲಿ, ಒಂಟಿಕೊಪ್ಪಲಿನ ಹಳೆಯ ಮನೆ ಕೆಡವಿ ಜಾಗ ಮಾರಲು ಮಹಾಂತೇಶ್ ವಂಶವೃಕ್ಷ ಬರೆಸಿದ. ಅದರಲ್ಲಿ ತಂಗಿ ಸರ್ವಮಂಗಳೆಯ ಹೆಸರಿರಲಿಲ್ಲ; ಅದು ಗೊತ್ತಾದರೂ ಅವಳು ಜಗಳವಾಡಿರಲಿಲ್ಲ.

ಅವ್ವ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವಳೊಬ್ಬಳೇ... ತನ್ನ ಧ್ವನಿ ಇನ್ನೂ ಇದೆಯೇ ಎಂದು ನೋಡಲು ಸಂಜೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಕದ ತೆರೆದರೆ ಅಪರಿಚಿತನೊಬ್ಬ ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ನಂಬರು ಬರೆಯುತ್ತಿದ್ದ!

"ಯಾರ್ರೀ ನೀವು?!"

ಸೀಮೆಸುಣ್ಣ ಕೈಜಾರಿತು. "ಸ್ವರೂಪ್ ಅಂತ... ಹಳೇ ಮನೆ ಮರ ಬಿಚ್ಚೋನು. ಮನೇಲಿ ಯಾರೂ ಇಲ್ಲ ಅಂದಿದ್ರು ಮಹಾಂತೇಶ್ ಸಾರು. ಅದ್ಕೇ ನುಗ್ಬುಟ್ಟೆ."

"ನಾನು ಅವರ ತಂಗಿ. ಕಾಣಿಸ್ತಿದೀನಾ?"

"ಚೆನ್ನಾಗೇ ಕಾಣ್ತಿದೀರ" ಎಂದವನು ನಾಲಿಗೆ ಕಚ್ಚಿಕೊಂಡ.

ಅವಳು ನಗಲಿಲ್ಲ. ನಗು ಬಂದದ್ದು ಒಳಗೆ ಹೋಗಿ ಒಲೆಯ ಮುಂದೆ ನಿಂತಾಗ.

ಅವನ ಕೆಲಸಕ್ಕೊಂದು ಕ್ರಮವಿತ್ತು. ಕಟ್ಟುವಾಗ ಮೊದಲು ನಿಲ್ಲಿಸಿದ ಮರವನ್ನು ಕಡೆಗೆ ಬಿಚ್ಚಬೇಕು; ನಂಬರು ಆ ಸರದಿಗೇ. ತಪ್ಪಿದರೆ ಸೂರು ತಲೆಯ ಮೇಲೆ. ಯಾವುದು ಮೊದಲು ಎಂಬುದು ಮನೆಯವರಿಗಷ್ಟೇ ಗೊತ್ತಿರುತ್ತದೆ. ಫೋನಿನಲ್ಲಿ ಮಹಾಂತೇಶ್ ತನಗೆ ಗೊತ್ತಿಲ್ಲ, ಅವಳನ್ನೇ ಕೇಳು ಎಂದ. ಕಾಗದದಲ್ಲಿ ಇಲ್ಲದವಳನ್ನೇ ಕೇಳಬೇಕಾಯಿತು.

ಮೂರನೆಯ ದಿನವೂ ಕೇಳಿದ. "ಈ ಕಂಬ?"

"ನಿನ್ನೇನೇ ಹೇಳಿದ್ನಲ್ರೀ!"

"ಮರ್ತೋಯ್ತು..."

"ಇದೇ ಮೊದಲು ನಿಲ್ಲಿಸಿದ್ದು. ನಮ್ಮಜ್ಜಿ ಪುಟ್ಟಬಸಮ್ಮ ಬೋಗಾದಿಯಿಂದ ಗಾಡೀಲಿ ತರಿಸಿದ್ರಂತೆ. ಬೀದಿ ಹೆಂಗಸರಿಗೆಲ್ಲ ಇಲ್ಲೇ ಕೂತು ಓದೋದು ಕಲಿಸ್ತಿದ್ರು. ಒರಗಿ ಒರಗಿ ಎಷ್ಟು ನುಣುಪಾಗಿದೆ ನೋಡಿ."

"ನೀವೂ ಇಲ್ಲೇ ಒರಗ್ತೀರಾ?"

"ದಿನಾ... ಇನ್ಯಾರಿದ್ದಾರೆ ಒರಗಕ್ಕೆ?"

ಅವನು ಆ ನುಣುಪನ್ನು ಸವರಿದ. ಕೈ ತೆಗೆಯಲಿಲ್ಲ.

ಮರುದಿನ ಕುವೆಂಪುನಗರದಿಂದ ಮಹಾಂತೇಶ್ ಸ್ಕೂಟರಿನಲ್ಲಿ ಬಂದ. "ಏನಪ್ಪಾ, ಅವಳ ಬಾಯಿ ಬಿಡಿಸಿದ್ಯಾ? ನಂಬರೆಲ್ಲ ಆಯ್ತಾ?"

ಸರ್ವಮಂಗಳೆ ತಿರುಗಿ ಸ್ವರೂಪನನ್ನು ನೋಡಿದಳು. 'ಅಯ್ಯೋ... ನನ್ನ ಅಜ್ಜಿಯನ್ನೂ ಇವನ ಕೈಗೆ ಕೊಟ್ಟುಬಿಟ್ಟೆನೇ!'

"ಇದಕ್ಕೇನಾ ಅಷ್ಟೆಲ್ಲ ಕೇಳಿದ್ದು?"

"ಮೊದಲ್ನೇ ದಿನ ಇದ್ಕೇ ಕಣ್ರೀ." ಸ್ವರೂಪ್ ತಲೆ ತಗ್ಗಿಸಿದ. "ನಂಬರು ಅವತ್ತೇ ಮುಗೀತು. ಆಮೇಲೆ ಕೇಳಿದ್ದೆಲ್ಲ... ನೀವು ಮಾತಾಡ್ತಾ ಇರ್ಲಿ ಅಂತ."

ಹೆಗಲ ಟವೆಲನ್ನು ಬಕೆಟ್ಟಿನಲ್ಲಿ ಅದ್ದಿ, ಕಂಬದ ಮೇಲಿನ ನಂಬರನ್ನು ಒರೆಸಿಹಾಕಿದ.

"ಏಯ್! ಏನೋ ಮಾಡ್ತಿದೀಯ?" ಮಹಾಂತೇಶ್ ಕಿರುಚಿದ. "ನೀನಿಲ್ದಿದ್ರೆ ಇನ್ನೊಬ್ಬ! ಮಂಗಳಾ, ಆಚೆ ಬಾ!"

ಅವಳು ಒದ್ದೆ ಕಂಬಕ್ಕೆ ಬೆನ್ನುಕೊಟ್ಟು ಕುಳಿತಳು.

"ಈ ಮನೇಲಿ ನಾನಿಲ್ಲ ಅಂತ ಬರೆಸಿದೀಯಲ್ಲ ಅಣ್ಣ? ಇಲ್ಲದೋಳು ಹೆಂಗೆ ಆಚೆ ಬರ್ತಾಳೆ? ಮೊದಲು ನನ್ನ ಹೆಸರು ಬರೆಸ್ಕೊಂಡು ಬಾ. ಇಲ್ಲಾ, ಕೋರ್ಟಲ್ಲಿ ನಾನೇ ಬರೆಸ್ತೀನಿ."

ಸ್ಕೂಟರಿನ ಸದ್ದು ದೂರವಾಯಿತು.

"ನೀವೂ ಹೋಗಿ ಸ್ವರೂಪ್. ನಾಳೆ ಪೊಲೀಸರನ್ನ ಕರ್ಕೊಂಡು ಬರ್ತಾನೆ. ನನಗೆ ಒಂಟಿಯಾಗಿರೋದು ಅಭ್ಯಾಸ ಇದೆ..."

ಅವನು ಕಂಬದ ಇನ್ನೊಂದು ಬದಿಗೆ ಒರಗಿ ಕುಳಿತ.

"ಹೋಗಿ ಅಂದೆ..."

"ಹೋಗಲ್ಲ ಕಣ್ರೀ."