ಟ್ಯಾಂಕರ್ ಏಳು ಉತ್ತರಿಸಲಿಲ್ಲ

"ಸಹಿ ಎಲ್ಲಿ ಹಾಕ್ಬೇಕು?"

ಆ ದನಿ ಕೇಳಿದ್ದೇ ತಡ, ಅವಳ ಕೈಯಲ್ಲಿದ್ದ ಪೆನ್ನು ನಿಂತುಬಿಟ್ಟಿತು.

ಎಂಟು ತಿಂಗಳಿಂದ ದಿನಕ್ಕೆ ಇಪ್ಪತ್ತು ಸಲ ಕೇಳಿದ ದನಿ ಅದು. ಇಷ್ಟು ದಿನ ಮೇಜಿನ ಮೇಲಿನ ವೈರ್‌ಲೆಸ್ ಸೆಟ್ಟಿನೊಳಗಿಂದ ಬರುತ್ತಿತ್ತು. ಇವತ್ತು ಬಾಗಿಲಿನಿಂದ ಬಂತು.

ಅವಳು ತಲೆ ಎತ್ತಿದಳು. ಎಣ್ಣೆ ಕಲೆಯ ಅಂಗಿ, ಧೂಳು ಕೂತ ಹುಬ್ಬು, ನಿದ್ದೆಗೆಟ್ಟ ಕಣ್ಣು. ತಾನು ಅಂದುಕೊಂಡಿದ್ದಕ್ಕಿಂತ ಎತ್ತರದ ಆಳು.

'ಇವನೇನಾ... ಟ್ಯಾಂಕರ್ ಏಳು?'

ಬೆಟ್ಟ ಕಡಿದು ರಸ್ತೆ ಮಾಡುವ ಆ ಕೆಲಸದಲ್ಲಿ ಅರವತ್ತು ಗಾಡಿಗಳಿದ್ದವು. ಪ್ರತಿ ಗಾಡಿಯಲ್ಲೂ ಒಂದು ಸೆಟ್. ಅವೆಲ್ಲಕ್ಕೂ ದಾರಿ ಹೇಳುವ ಕಂಟ್ರೋಲ್ ರೂಮಿನ ಹುಡುಗಿ ಇವಳು. ಚಾಲಕರಿಗೆ ಅವಳ ಹೆಸರು ಬೇಕಾಗಿರಲಿಲ್ಲ, ಎಲ್ಲರಿಗೂ ಅವಳು 'ಕಂಟ್ರೋಲ್' ಅಷ್ಟೇ. ಅವಳಿಗೂ ಅವರೆಲ್ಲ ನಂಬರುಗಳು. ಏಳನ್ನು ಬಿಟ್ಟು. ಏಳು ಕೆಲಸಕ್ಕೆ ಬಂದ ಕೂಡಲೇ "ಗುಡ್ ಮಾರ್ನಿಂಗ್ ಕಂಟ್ರೋಲ್" ಎಂದರೆ ಅವಳ ದಿನ ನೆಟ್ಟಗೆ ಶುರುವಾಗುತ್ತಿತ್ತು. ಅದನ್ನು ಅವಳು ಅಮ್ಮನಿಗೂ ಹೇಳಿರಲಿಲ್ಲ. ತನಗೆ ತಾನೇ ಹೇಳಿಕೊಂಡಿರಲಿಲ್ಲ ಎಂದರೂ ಸರಿಯೇ.

ಅಂಥ ಏಳರ ಮೇಲೆ ದೂರು ಬರೆದವಳೂ ಅವಳೇ.

"ಇಲ್ಲಿ," ಎಂದು ಕಾಗದ ಮುಂದೆ ತಳ್ಳಿದಳು. "ಓದಿ ಹಾಕಿ. ಎರಡು ವಾರ ಗಾಡಿ ಮುಟ್ಟೋ ಹಾಗಿಲ್ಲ. ವಾಶಿಂಗ್ ಯಾರ್ಡಲ್ಲಿ ಕೆಲಸ."

ಅವನು ಓದಲಿಲ್ಲ. ಸಹಿ ಹಾಕಿದ.

ಅವಳಿಗೆ ತಡೆಯಲಾಗಲಿಲ್ಲ.

"ಮಂಗಳವಾರ ಹದಿನೆಂಟು ನಿಮಿಷ. ಒಂಬತ್ತು ಸಲ ಕರೆದೆ. ಸೆಟ್ ಆಫ್ ಮಾಡಿಕೊಂಡು ಏನ್ ಮಾಡ್ತಿದ್ರಿ?"

"ಆಫ್ ಮಾಡಿದ್ದೆ. ತಪ್ಪು ನಂದೇ. ಸೇಫ್ಟಿ ಸಾಹೇಬ್ರ ಮುಂದೆಯೂ ಅದನ್ನೇ ಹೇಳಿದೀನಿ."

"ಯಾಕೆ ಅಂತ ಕೇಳಿದ್ದು ನಾನು."

ಅವನು ಅವಳನ್ನೇ ಒಂದು ಗಳಿಗೆ ನೋಡಿದ.

"ನಿಮ್ಮ ದನಿಗೂ ಮುಖಕ್ಕೂ ಹೊಂದುತ್ತೆ," ಎಂದು ಹೇಳಿ ಹೊರಟೇ ಹೋದ.

ಅವಳ ಮೈಯೆಲ್ಲ ಉರಿದುಹೋಯಿತು. ಇವನಿಗೆ ತಮಾಷೆ! ಆ ಹದಿನೆಂಟು ನಿಮಿಷ ಅವಳು ಕುರ್ಚಿಯ ತುದಿಯಲ್ಲಿ ಕೂತು, ಹನ್ನೆರಡು ಸಾವಿರ ಲೀಟರ್ ನೀರು ಹೊತ್ತ ಗಾಡಿ ಕಣಿವೆಗೆ ಉರುಳಿದಂತೆ, ಗಾಜು ಒಡೆದಂತೆ, ಏನೇನೋ ಕಂಡಿದ್ದಳು. ಕೊನೆಗೆ "ಟ್ಯಾಂಕರ್ ಏಳು, ಕ್ಷೇಮ" ಎಂದು ಅವನು ಹೇಳಿದಾಗ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದಳು. ಆಮೇಲೆ ಬಂದದ್ದು ಸಿಟ್ಟು. ಆ ಸಿಟ್ಟಿನಲ್ಲೇ ದೂರು ಬರೆದಿದ್ದಳು.

ಮರುದಿನದಿಂದ ಏಳನೇ ಗಾಡಿಗೆ ಬೇರೆ ಚಾಲಕ ಬಂದ. ಅವನು "ಗುಡ್ ಮಾರ್ನಿಂಗ್" ಎಂದಾಗಲೆಲ್ಲ ಅವಳಿಗೆ ಸುಮ್ಮನೆ ರೇಗುತ್ತಿತ್ತು. ಪಾಪ, ಆ ಮನುಷ್ಯನದೇನು ತಪ್ಪು!

* * *

ಭಾನುವಾರ ಅಪ್ಪ ಮನೆಗೆ ಬಂದರು.

ಅಪ್ಪ ಅದೇ ಬೆಟ್ಟದಲ್ಲಿ ಬಂಡೆ ಸಿಡಿಸುವ ತಂಡದ ಹಿರಿಯ. ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಅದಕ್ಕೆ ಕಿಡಿ ಕೊಡುವ ಪುಟ್ಟ ಕ್ಯಾಪುಗಳ ತಂತಿಗಳನ್ನು ಒಂದಕ್ಕೊಂದು ಹೊಸೆಯುವುದು ಅವರ ಕೆಲಸ. ವಾರವೆಲ್ಲ ಮೇಲಿನ ಕ್ಯಾಂಪಿನಲ್ಲೇ ವಾಸ. ವಾರಕ್ಕೊಂದು ದಿನ ಮನೆ ಊಟ.

ಅಮ್ಮ ಬಡಿಸುತ್ತಿದ್ದಳು. ಅಪ್ಪ ಎರಡು ತುತ್ತು ತಿಂದು, "ಈ ವಾರ ನಾನು ಬದುಕಿ ಬಂದಿದ್ದೇ ಹೆಚ್ಚು ಕಣೇ," ಎಂದರು, ಬಸ್ಸು ತಡವಾಯಿತು ಎನ್ನುವಷ್ಟು ಸಲೀಸಾಗಿ.

ಅಮ್ಮನ ಕೈಯ ಸೌಟು ಅಲ್ಲೇ ನಿಂತಿತು. "ಏನ್ರೀ ಹಾಗಂದ್ರೆ?"

"ಮಂಗಳವಾರ ಮೇಲಿನ ತಿರುವಲ್ಲಿ ತಂತಿ ಹೊಸೀತಿದ್ದೆ. ನಲವತ್ತು ಕ್ಯಾಪು. ತಲೆ ಎತ್ತಿ ನೋಡಿದ್ರೆ ಇಪ್ಪತ್ತು ಮಾರು ದೂರದಲ್ಲಿ ನೀರಿನ ಟ್ಯಾಂಕರ್ ನಿಂತಿದೆ. ನನ್ನ ಜೀವ ಬಾಯಿಗೆ ಬಂತು."

ಅವಳು ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದಳು.

ಗಾಡಿಯ ಸೆಟ್ಟಿನಲ್ಲಿ ಮಾತು ಕೇಳಿಸಿಕೊಂಡರೆ ಅಪಾಯವಿಲ್ಲ. ಮಾತಾಡಲು ಮೈಕಿನ ಬಟನ್ ಒತ್ತಿದಾಗ ಆಂಟೆನಾದಿಂದ ಹೊರಡುತ್ತದಲ್ಲ ಶಕ್ತಿ, ಅದು ತೆರೆದ ತಂತಿಗೆ ಹತ್ತಿದರೆ ಕ್ಯಾಪು ತಾನಾಗಿಯೇ ಸಿಡಿಯಬಹುದು. ಆಮೇಲೆ ತಂತಿ ಹಿಡಿದವರೂ ಇಲ್ಲ, ಬಂಡೆಯೂ ಇಲ್ಲ. ಇದು ಕಂಟ್ರೋಲ್ ರೂಮಿನಲ್ಲಿ ಮೊದಲ ದಿನ ಹೇಳಿಕೊಡುವ ಪಾಠ. ಅವಳಿಗೆ ಬಾಯಿಪಾಠ.

"ಆದ್ರೆ ಆ ಹುಡುಗ ಬುದ್ಧಿವಂತ," ಅಪ್ಪ ಮುಂದುವರಿಸಿದರು. "ತಿರುವು ದಾಟಿ ನಮ್ಮನ್ನ ನೋಡಿದ್ದೇ ತಡ, ಸೆಟ್ಟೂ ಆಫ್, ಇಂಜಿನ್ನೂ ಆಫ್. ಇಳಿದು ನಡ್ಕೊಂಡು ಬಂದ, ಎರಡೂ ಕೈ ಮೇಲೆತ್ಕೊಂಡು. 'ಯಜಮಾನ್ರೇ, ಸೆಟ್ ಆರಿಸಿದೀನಿ, ಗಾಬರಿ ಆಗ್ಬೇಡಿ' ಅಂದ. ಆಮೇಲೆ ಗಾಡಿ ತಡೆಯೋ ಬಾವುಟದವನನ್ನ ಕರ್ಕೊಂಡು ಹೋಗಿ ರಸ್ತೆಗೆ ನಿಲ್ಲಿಸಿ, ಅಷ್ಟು ದೊಡ್ಡ ಗಾಡೀನ ಹಿಮ್ಮುಖವಾಗಿ ಒಂದೊಂದೇ ಅಡಿ ಹಿಂದಕ್ಕೆ ಒಯ್ದ. ಅಪಾಯದ ಗಡಿ ದಾಟೋವರೆಗೂ ಸೆಟ್ ಮುಟ್ಟಲಿಲ್ಲ."

"ಎಷ್ಟು... ಎಷ್ಟು ಹೊತ್ತು ಹಿಡೀತಪ್ಪಾ?"

"ಹತ್ತಿಪ್ಪತ್ತು ನಿಮಿಷ ಹಿಡಿದಿರ್ಬೇಕು. ಪುಣ್ಯಾತ್ಮ. ನಿಮ್ಮ ಕಂಟ್ರೋಲಿಂದ ಯಾರಾದ್ರೂ ಕರೆದು, ಇವನು ಅಭ್ಯಾಸಬಲದಿಂದ ಬಟನ್ ಒತ್ತಿದ್ರೆ..." ಅಪ್ಪ ಮಾತು ನಿಲ್ಲಿಸಿ ಮಗಳ ಮುಖ ನೋಡಿದರು. "ಯಾಕೆ ಪುಟ್ಟಿ, ಊಟ ಬಿಟ್ಟೆ?"

'ಒಂಬತ್ತು ಸಲ ಕರೆದೆನಲ್ಲ ಅಪ್ಪಾ... ನಾನೇ ಕರೆದೆ.'

ಎದ್ದು ಹಿತ್ತಲಿಗೆ ಹೋಗಿ ಕೈ ತೊಳೆದಳು. ನಲ್ಲಿ ತಿರುಗಿಸಿ ನಿಂತವಳಿಗೆ ಎಷ್ಟು ಹೊತ್ತು ಅಳುತ್ತಿದ್ದೇನೆಂದು ತಿಳಿಯಲಿಲ್ಲ. ಒಳಗೆ ಅಪ್ಪ ಮಜ್ಜಿಗೆ ಕೇಳುತ್ತಿದ್ದರು. ಆ ಸಾಮಾನ್ಯ ದನಿ ಇನ್ನೂ ಈ ಮನೆಯಲ್ಲಿ ಇದೆಯಲ್ಲ ಎಂದು ಎದೆ ತುಂಬಿ ಬಂತು.

* * *

ಆದರೆ ಒಂದು ಪ್ರಶ್ನೆ ಅವಳನ್ನು ಮಲಗಲು ಬಿಡಲಿಲ್ಲ. ಸಿಡಿಸುವ ಜಾಗಕ್ಕೆ ಗಾಡಿ ಹೋದದ್ದಾದರೂ ಹೇಗೆ?

ಸೋಮವಾರ ಎಲ್ಲರಿಗಿಂತ ಮೊದಲು ಕಂಟ್ರೋಲ್ ರೂಮಿನ ಬೀಗ ತೆಗೆದಳು. ಗೋಡೆಯ ಮೇಲೆ ಬೆಟ್ಟದ ದೊಡ್ಡ ನಕ್ಷೆ. ಇವತ್ತು ಎಲ್ಲಿ ಸಿಡಿಸುತ್ತಾರೆ ಎಂದು ಬೆಳಗ್ಗೆ ಚೀಟಿ ಬರುತ್ತದೆ. ಆ ಜಾಗಕ್ಕೆ ಅವಳು ಕೆಂಪು ಗುಂಡಿ ಅಂಟಿಸುತ್ತಾಳೆ. ಕೆಂಪು ಇದ್ದ ಕಡೆ ಯಾವ ಗಾಡಿಯನ್ನೂ ಬಿಡುವಂತಿಲ್ಲ.

ಹಳೆಯ ಚೀಟಿಗಳನ್ನು ಚುಚ್ಚಿಟ್ಟ ಕಂಬಿಯಿಂದ ಮಂಗಳವಾರದ್ದನ್ನು ಹುಡುಕಿ ತೆಗೆದಳು.

'ಇಂದು: ಮೇಲಿನ ತಿರುವು.'

ಅವಳು ನಕ್ಷೆಯ ಕಡೆ ತಿರುಗಿದಳು. ಮೂರು ವಾರದಿಂದ ದಿನವೂ ಕೆಳಗಿನ ತಿರುವಿನಲ್ಲೇ ಸಿಡಿಸುತ್ತಿದ್ದರು. ಅಂದು ಬೆಳಗ್ಗೆ ಚೀಟಿಯನ್ನು ನೋಡಿದ್ದಳು, ಓದಿದ್ದಳು ಕೂಡ. ಆದರೆ ಕೈ ತನ್ನ ಪಾಡಿಗೆ ತಾನು ಹೋಗಿ ಕೆಂಪು ಗುಂಡಿಯನ್ನು ಕೆಳಗಿನ ತಿರುವಿಗೇ ಅಂಟಿಸಿತ್ತು. ಆಮೇಲೆ ಅವಳೇ ಮೈಕಿನಲ್ಲಿ ಹೇಳಿದ್ದಳು, "ಟ್ಯಾಂಕರ್ ಏಳು, ಕೆಳಗಿನ ತಿರುವು ಬಂದ್. ಮೇಲಿನ ತಿರುವಿಂದ ಬನ್ನಿ."

ತಾನೇ ಕಳಿಸಿದ್ದಳು. ಅಪ್ಪನ ಕೈಯಲ್ಲಿ ತಂತಿ ಇರುವಲ್ಲಿಗೆ...

ಅವನಿಗೆ ಇದು ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ಸಾಹೇಬರ ಮುಂದೆ ನಿಂತು, "ತಪ್ಪು ನಂದೇ" ಎಂದು ಯಾರ್ಡಿಗೆ ಹೋಗಿ ಗಾಡಿ ತೊಳೆಯುತ್ತಿದ್ದ.

ಚೀಟಿಯನ್ನು ಹರಿದು ಬಿಸಾಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಅವಳಿಗೂ ಬಂತು, ಬರಲಿಲ್ಲವೆಂದರೆ ಸುಳ್ಳಾದೀತು. ಕೆಲಸ ಹೋದರೆ ಮನೆಯಲ್ಲಿ ಏನು ಹೇಳುವುದು? ಅಪ್ಪನ ಮುಖ ಹೇಗೆ ನೋಡುವುದು?

ಆದರೂ ಒಂಬತ್ತು ಗಂಟೆಗೆ ಚೀಟಿ ಹಿಡಿದು ಸೇಫ್ಟಿ ಸಾಹೇಬರ ಮುಂದೆ ನಿಂತಿದ್ದಳು. ಒಂದೇ ಉಸಿರಿಗೆ ಎಲ್ಲ ಹೇಳಿದಳು.

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವನಿಗೂ ಕರೆ ಹೋಯಿತು. ಕೈ ಒರೆಸಿಕೊಳ್ಳುತ್ತ ಬಂದವನು ಅವಳ ಕೈಯ ಚೀಟಿ ನೋಡಿದ್ದೇ ತಲೆ ತಗ್ಗಿಸಿದ.

"ಸೆಟ್ ಆಫ್ ಮಾಡಿದ್ದಕ್ಕೆ ನಿನಗೆ ಸಲಾಮ್," ಎಂದರು ಸಾಹೇಬರು. "ಅದನ್ನ ಮುಚ್ಚಿಟ್ಟಿದ್ದಕ್ಕೆ ಎರಡು ಬಿಡಬೇಕು. ಈ ಗುಂಡಿ ನಾಳೆ ಮತ್ತೆ ತಪ್ಪಿದ್ರೆ? ದೊಡ್ಡ ಮನಸ್ಸು ಮಾಡೋ ಜಾಗವೇನಪ್ಪ ಇದು? ಯಾರ್ಡು ಸಾಕು, ನಾಳೆಯಿಂದ ನಿನ್ನ ಗಾಡಿ ನೀನೇ ಓಡಿಸು."

"ತಪ್ಪಾಯ್ತು ಸಾರ್."

ಸಾಹೇಬರು ಅವಳ ಕಡೆ ತಿರುಗಿದರು. "ನಿನಗೆ ಒಂದು ತಿಂಗಳು ಕಂಟ್ರೋಲ್ ಇಲ್ಲ. ಕುರ್ಚಿಯಲ್ಲಿ ಕೂತು ನಕ್ಷೆ ನೋಡಿದ್ದು ಸಾಕು. ಗಾಡಿಗಳಲ್ಲಿ ಓಡಾಡು, ಒಂದೊಂದು ತಿರುವೂ ಕಣ್ಣಾರೆ ನೋಡು. ಆಮೇಲೆ ವಾಪಸ್ ಬಾ." ಕನ್ನಡಕ ಹಾಕಿಕೊಂಡು ಕಾಗದ ಬರೆಯುತ್ತ, ತಲೆ ಎತ್ತದೆ ಕೇಳಿದರು. "ಏಳನೇ ಗಾಡೀಲಿ ಪಕ್ಕದ ಸೀಟು ಖಾಲಿ ಇದೆ ಅಲ್ವೇನಯ್ಯ?"

ಅಂದು ಸಂಜೆ ಅಪ್ಪನಿಗೂ ಫೋನಿನಲ್ಲಿ ಹೇಳಿದಳು.

"ನೀನೇ ಹೋಗಿ ಒಪ್ಕೊಂಡ್ಯಾ?" ಎಂದರು ಅಪ್ಪ.

"ಹ್ಞೂಂ ಅಪ್ಪಾ."

"ಸರಿ ಬಿಡು ಮಗಾ. ಆ ಹುಡುಗನಿಗೆ ಥ್ಯಾಂಕ್ಸ್ ಹೇಳಿದ್ಯಾ?"

ಇಲ್ಲ. ಅದೊಂದೇ ಬಾಕಿ ಇತ್ತು.

* * *

ಮೂರು ದಿನ ಪಕ್ಕದಲ್ಲೇ ಕೂತರೂ ಅದನ್ನು ಹೇಳಿರಲಿಲ್ಲ.

ಅವನು ಗಾಡಿ ಓಡಿಸುವುದನ್ನು ನೋಡುತ್ತಿದ್ದಳು. ಕಂಟ್ರೋಲಿನಿಂದ ಕರೆ ಬಂದರೆ ಓಡುವ ಗಾಡಿಯಲ್ಲಿ ಅವನು ಮೈಕ್ ಮುಟ್ಟುತ್ತಿರಲಿಲ್ಲ. ಅಗಲವಾದ ಜಾಗ ನೋಡಿ, ಬದಿಗೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಆಮೇಲೆ ಉತ್ತರ.

"ನಾನು ಕರೆದಾಗೆಲ್ಲ ನೀವು ತಡ ಮಾಡ್ತಿದ್ದದ್ದು ಇದಕ್ಕಾ?"

"ಒಂದು ಕೈ ಸ್ಟೀರಿಂಗಿಗೆ, ಒಂದು ಕೈ ಗೇರಿಗೆ. ಮೈಕಿಗೆ ಮೂರನೇದು ಬೇಕಲ್ಲ, ದೇವರು ಕೊಡ್ಲಿಲ್ಲ."

ಅವಳಿಗೆ ನಗು ಬಂತು. ಅದರ ಹಿಂದೆಯೇ ಅಳುವೂ ಬಂತು, ಕಿಟಕಿ ಕಡೆ ತಿರುಗಿಕೊಂಡಳು.

ನಾಲ್ಕನೆಯ ದಿನ ಮಧ್ಯಾಹ್ನ. ನೀರು ತುಂಬುವ ಜಾಗದಲ್ಲಿ ಟ್ಯಾಂಕರ್ ನಿಂತಿತ್ತು. ಅವನು ಚಾಲಕನ ಸೀಟಿನಲ್ಲಿದ್ದ, ಬಾಗಿಲು ತೆರೆದಿತ್ತು. ಅವಳು ಕೆಳಗಿಳಿದು ಕ್ಯಾಬಿನ್ನಿನ ಬದಿಗೆ ಒರಗಿ ನಿಂತಿದ್ದಳು. ಆಂಟೆನಾ ಬಿಗಿದಿದ್ದುದು ಅಲ್ಲೇ.

ಸೆಟ್ಟಿನಲ್ಲಿ ಕರೆ ಬಂತು. ಅವಳ ಜಾಗದಲ್ಲಿ ಈಗ ಕೂತಿದ್ದವರು ನಿವೃತ್ತಿಗೆ ಹತ್ತಿರವಾದ ಹಿರಿಯರು, ಎಲ್ಲರೂ ದೊಡ್ಡಪ್ಪ ಎನ್ನುತ್ತಿದ್ದರು.

"ಟ್ಯಾಂಕರ್ ಏಳು, ಕಂಟ್ರೋಲ್. ನೀರು ತುಂಬಿತಾ? ಅವಸರ ಇಲ್ಲ, ಸುಮ್ನೆ ಕೇಳಿದೆ. ಓವರ್."

ಅವನು ಮೈಕ್ ತೆಗೆದುಕೊಂಡ. ಬಟನ್ ಒತ್ತಲಿಲ್ಲ.

"ಸ್ವಲ್ಪ ಆ ಕಡೆ ಹೋಗಿ. ಆಂಟೆನಾ ಪಕ್ಕದಲ್ಲೇ ಇದೀರಿ."

"ಇದ್ರೆ?"

"ಬಟನ್ ಒತ್ತಿದಾಗ ಅಷ್ಟು ಹತ್ತಿರ ಯಾರೂ ಇರಬಾರದು, ಮೈಗೆ ಒಳ್ಳೇದಲ್ಲ. ನೀವು ದೂರ ಹೋಗೋವರೆಗೂ ನಾನು ಮಾತಾಡಲ್ಲ."

ಅವಳು ಅವನನ್ನೇ ನೋಡಿದಳು.

"ಹಾಗಾದ್ರೆ ನಾನು ಹೋಗಲ್ಲ," ಎಂದಳು. "ಅವರ ಹತ್ರ ಆಮೇಲೆ ಮಾತಾಡಿ. ಈಗ ನನ್ನ ಹತ್ರ ಮಾತಾಡಿ."

ಅವನು ಕಕ್ಕಾಬಿಕ್ಕಿಯಾದ.

"ಅವತ್ತು ನಾನು ಕರೀತಾನೇ ಇದ್ದೆ. ನೀವು ಉತ್ತರ ಕೊಡಲಿಲ್ಲ, ಅದಕ್ಕೇ ನಮ್ಮಪ್ಪ ಮೊನ್ನೆ ಭಾನುವಾರ ಮನೇಲಿ ಕೂತು ಊಟ ಮಾಡಿದ್ರು. ನಾನು ನಿಮ್ಮ ಮೇಲೆ ದೂರು ಬರೆದೆ. ಥ್ಯಾಂಕ್ಸ್ ಅನ್ನೋದು ಬಹಳ ಸಣ್ಣದು... ಬೇರೆ ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ."

"ನಿಮ್ಮಪ್ಪ ಅಂತ ನನಗೆ ಗೊತ್ತಿರಲಿಲ್ಲ," ಎಂದ ಅವನು ಮೆಲ್ಲಗೆ. "ಯಾರಿದ್ರೂ ಆರಿಸ್ತಿದ್ದೆ. ಅದು ಕೆಲಸ, ಅದಕ್ಕೆ ಥ್ಯಾಂಕ್ಸ್ ಬೇಡ."

"ಮತ್ತೆ ನನ್ನ ತಪ್ಪು ಮುಚ್ಚಿಟ್ಟಿದ್ದು? ಅದೂ ಕೆಲಸಾನಾ?"

ಸೆಟ್ಟಿನಲ್ಲಿ ದೊಡ್ಡಪ್ಪ ಎರಡನೇ ಸಲ ಕರೆದರು. ಇಬ್ಬರೂ ಕೇಳಿಸಿಕೊಂಡರು, ಇಬ್ಬರೂ ಅಲುಗಲಿಲ್ಲ.

"ಅದು ಕೆಲಸ ಅಲ್ಲ," ಎಂದ ಅವನು. "ಎಂಟು ತಿಂಗಳಿಂದ ಮಂಜು ಇರಲಿ, ಧೂಳಿರಲಿ, ನೀವು ಹೇಳಿದ ದಾರೀಲಿ ಬಂದು ಮನೆ ಸೇರಿದೀನಿ. ಒಂದು ದಿನ ತಪ್ಪಿತು. ಅದಕ್ಕೆ ನಿಮ್ಮನ್ನ ಆ ಕುರ್ಚಿಯಿಂದ ಎಬ್ಬಿಸಿಬಿಟ್ರೆ, ಬೆಳಗ್ಗೆ ನಾನು ಯಾರಿಗೆ ಗುಡ್ ಮಾರ್ನಿಂಗ್ ಹೇಳಲಿ? ಸಾಹೇಬ್ರು ಬೈದಿದ್ದು ಸರಿ. ನನ್ನ ಸ್ವಾರ್ಥ ಅದು."

ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ.

"ಭಾನುವಾರ ಮನೆಗೆ ಬನ್ನಿ. ಅಪ್ಪ ಇರ್ತಾರೆ."

"ಥ್ಯಾಂಕ್ಸ್ ಹೇಳೋಕಾ?"

"ಅವರು ಹೇಳ್ತಾರೆ. ನೀವು ಅವರನ್ನ ಒಂದು ಮಾತು ಕೇಳ್ಬೇಕು."

"ಏನಂತ?"

"ಅದನ್ನೂ ಕಂಟ್ರೋಲೇ ಹೇಳ್ಕೊಡ್ಬೇಕಾ?"

ಅವನ ಮುಖದಲ್ಲಿ ನಗು ಅರಳಿತು. ಇಷ್ಟು ತಿಂಗಳು ದನಿಯಲ್ಲಿ ಮಾತ್ರ ಕೇಳಿದ್ದ ಆ ನಗುವನ್ನು ಅವಳು ಮೊದಲ ಸಲ ಕಣ್ಣಿಂದ ನೋಡಿದಳು.

"ಟ್ಯಾಂಕರ್ ಏಳು! ಎಲ್ಲಿದೀಯಪ್ಪಾ? ಮೂರನೇ ಸಲ ಕರೀತಿದೀನಿ, ಬರ್ಕೋಬೇಕಾಗುತ್ತೆ ನೋಡು."

ಅವಳು ಬೇಗ ಬೇಗ ಸುತ್ತಿಬಂದು ಆ ಬದಿಯ ಬಾಗಿಲಿನಿಂದ ಒಳಗೆ ಹತ್ತಿ, ಕದ ಎಳೆದುಕೊಂಡು ಕೈ ಚಾಚಿದಳು. ಅವನು ಮೈಕ್ ಕೊಟ್ಟ. ಹೊರಗೆ ಆಂಟೆನಾ ಹತ್ತಿರ ಯಾರೂ ಇಲ್ಲವೆಂದು ಒಮ್ಮೆ ನೋಡಿ ಬಟನ್ ಒತ್ತಿದಳು.

"ಕಂಟ್ರೋಲ್, ಟ್ಯಾಂಕರ್ ಏಳು. ಬರ್ಕೊಳ್ಳಿ ದೊಡ್ಡಪ್ಪ. ಉತ್ತರ ತಡ ಆಗಿದ್ದಕ್ಕೆ ಚಾಲಕರು ಕಾರಣ ಅಲ್ಲ, ನಾನು. ನನ್ನ ಹೆಸರಲ್ಲೇ ಬರ್ಕೊಳ್ಳಿ. ಓವರ್."

ಮೈಕನ್ನು ಹುಕ್ಕಿಗೆ ಸಿಕ್ಕಿಸಿದಳು. ನೀರು ತುಂಬಿ ಟ್ಯಾಂಕಿನ ಮೇಲಿಂದ ಸುರಿಯುತ್ತಿತ್ತು, ಇಬ್ಬರಿಗೂ ಅದರ ಗಮನವಿರಲಿಲ್ಲ.

"ಭಾನುವಾರ ಎಷ್ಟು ಹೊತ್ತಿಗೆ ಬರಲಿ?" ಕೇಳಿದ ಅವನು.

"ಊಟದ ಹೊತ್ತಿಗೆ. ನಿಧಾನಕ್ಕೆ ಬನ್ನಿ," ಎಂದಳು ಅವಳು. "ನಾನು ಕಾಯ್ತಿರ್ತೀನಿ. ಎಷ್ಟು ತಡ ಆದ್ರೂ ಈ ಸಲ ದೂರು ಬರೆಯಲ್ಲ."